ಗಿಂಜಾದಲ್ಲಿ ತಿಂದ ಅನ್ನ

ಟೋಕಿಯೋದಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳುತ್ತಿರುವುದು ಒಂದೇ. "ಒಬ್ಬರಿಗೆ 18 ಸಾವಿರ ಯೆನ್ ಕೊಟ್ಟು ಹಸಿ ಮೀನು ತಿಂದ್ರಾ? ಹೊಟ್ಟೆನಾದ್ರೂ ತುಂಬ್ತಾ?"

ತುಂಬಿತು. ಆದರೆ ಆ ದುಡ್ಡು ಮೀನಿಗೆ ಹೋಯಿತು ಅಂತ ನನಗೆ ಅನ್ನಿಸುತ್ತಿಲ್ಲ. ಅನ್ನಕ್ಕೆ ಹೋಯಿತು.

ನಾನು, ಅಕ್ಕ ಇಬ್ಬರೇ ಹೋಗಿದ್ದೆವು. ಟೋಕಿಯೋದ ದುಬಾರಿ ಪೇಟೆ ಗಿಂಜಾದ ಒಂದು ಸುಶಿ ಅಂಗಡಿ. ಸುಶಿ ಅಂದರೆ ವಿನೆಗರ್ ಬೆರೆಸಿದ ಅನ್ನದ ಪುಟ್ಟ ಉಂಡೆ, ಮೇಲೊಂದು ತುಂಡು ಮೀನು. ಹಿನೋಕಿ ಮರದ ಉದ್ದನೆಯ ಕೌಂಟರ್, ಅದರ ಮುಂದೆ ಎಂಟೇ ಕುರ್ಚಿ. ತಿಂಗಳ ಮುಂಚೆಯೇ ಬುಕ್ ಮಾಡಿದ್ದೆವು. ಅದೇ ದಿನ ಕ್ಯಾನ್ಸಲ್ ಮಾಡಿದರೆ ಪೂರ್ತಿ ದುಡ್ಡು ಕೊಡಬೇಕು, ಸೆಂಟ್ ಹಾಕಿಕೊಂಡು ಬರಬಾರದು ಅಂತ ಮೊದಲೇ ಹೇಳಿದ್ದರು. ರಾತ್ರಿ ಊಟಕ್ಕೆ ಇದರ ಎರಡರಷ್ಟು ರೇಟು. ಅದಕ್ಕೇ ಮಧ್ಯಾಹ್ನ ಹೋದೆವು.

ಮೆನು ಇಲ್ಲ. ಈ ಪದ್ಧತಿಗೆ ಒಮಕಾಸೆ ಅನ್ನುತ್ತಾರೆ, 'ನಿಮಗೇ ಬಿಟ್ಟಿದ್ದು' ಅಂತ ಅರ್ಥ. ಆಗದ ಪದಾರ್ಥ ಏನಾದರೂ ಇದೆಯಾ ಅಂತ ಒಂದು ಸಲ ಕೇಳುತ್ತಾರೆ. ಆಮೇಲೆ ಬಂದದ್ದನ್ನು ತಿನ್ನುವುದಷ್ಟೇ ನಮ್ಮ ಕೆಲಸ.

ಆ ಕೆಲಸವನ್ನೂ ನಾನು ಕೆಡಿಸಿದೆ. ಮೊದಲು ಬಂದದ್ದು ಹಿರಾಮೆ, ಬಿಳಿ ಚಪ್ಪಟೆ ಮೀನು. ಮೇಲಿಂದ ಒಂದು ಫೋಟೋ, ಪಕ್ಕದಿಂದ ಒಂದು ಫೋಟೋ ತೆಗೆದೆ. ಅಡುಗೆಯವರನ್ನು ಅಲ್ಲಿ ತೈಶೋ ಅನ್ನುತ್ತಾರೆ. ಅವರು ಏನೂ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಆ ಸುಶಿಯನ್ನೇ ನೋಡುತ್ತಿದ್ದರು. "ಏ, ಸಾಕು ಒಳಗಿಡೋ ಅದನ್ನ" ಅಂತ ಅಕ್ಕ ಮೆಲ್ಲಗೆ ಗದರಿದಳು. ಸೋಯಾ ಸಾಸ್ ಎಲ್ಲಿ ಅಂತ ಬೇರೆ ಹುಡುಕಿದೆ. ಅದನ್ನು ಅವರೇ ಬ್ರಷ್‌ನಲ್ಲಿ ಸವರಿ ಕೊಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಚಾಪ್‌ಸ್ಟಿಕ್ ಮುಟ್ಟಲೇ ಇಲ್ಲ. ಕೈಯಲ್ಲಿ ಎತ್ತಿ, ಒಂದೇ ತುತ್ತಿಗೆ ಮುಗಿಸುತ್ತಿದ್ದರು. ಅಲ್ಲಿಂದ ನಾವೂ ಅಜ್ಜಿಯ ಶಿಷ್ಯರಾದೆವು.

ಮೂರನೆಯದನ್ನು ಹಾಗೆ ಬಾಯಿಗೆ ಹಾಕಿಕೊಂಡಾಗಲೇ ಗೊತ್ತಾಗಿದ್ದು, ಅನ್ನ ಬೆಚ್ಚಗಿದೆ! ಬಿಸಿ ಅಲ್ಲ, ಮೈ ಬಿಸಿಯಷ್ಟು. ಮೀನು ತಣ್ಣಗೆ, ಅನ್ನ ಬೆಚ್ಚಗೆ. ಕೈಯಲ್ಲಿ ಹಿಡಿದಾಗ ಗಟ್ಟಿಯಾಗಿದ್ದದ್ದು ನಾಲಿಗೆ ಮೇಲೆ ಕಾಳು ಕಾಳಾಗಿ ಬಿಡಿಸಿಕೊಳ್ಳುತ್ತದೆ. ನಾನು ಫೋಟೋ ತೆಗೆಯುತ್ತಾ ಕೂತಾಗ ಆರಿ ಹೋಗಿದ್ದು ಇದೇ. ತೈಶೋ ನೋಡುತ್ತಿದ್ದದ್ದೂ ಇದನ್ನೇ ಇರಬೇಕು.

ಅನ್ನದ ಬಣ್ಣ ತಿಳಿ ಕಂದು. ಸೋಯಾ ಬೆರೆಸಿದ್ದಾರೆ ಅಂದುಕೊಂಡಿದ್ದೆ. ಅಲ್ಲ, ಅದು ಅಕಾಜು, ಕೆಂಪು ವಿನೆಗರ್. ಸಾಕೆ ಮದ್ಯ ಹಿಂಡಿದ ಮೇಲೆ ಉಳಿಯುವ ಚರಟವನ್ನು ವರ್ಷಗಟ್ಟಲೆ ಇಟ್ಟು ಅದರಿಂದ ಮಾಡುತ್ತಾರೆ. ಟೋಕಿಯೋ ಇನ್ನೂ ಎದೋ ಆಗಿದ್ದ ಕಾಲದಲ್ಲಿ, ಅಂದರೆ 1820-30ರ ಆಸುಪಾಸಿನಲ್ಲಿ, ಅಕ್ಕಿ ವಿನೆಗರ್‌ಗಿಂತ ಇದೇ ಅಗ್ಗ. ಸುಶಿ ಆಗ ಬೀದಿಬದಿಯ ಗಾಡಿ ತಿಂಡಿ. ಒಂದೊಂದೂ ಈಗಿನದಕ್ಕಿಂತ ತುಂಬಾ ದೊಡ್ಡದಿತ್ತು. ಕೆಲಸದವರು ನಿಂತು, ಎರಡು ಮೂರು ತಿಂದು, ಹೊರಟುಬಿಡುತ್ತಿದ್ದರು. ಅದನ್ನೇ ನಾವು ಎರಡು ಗಂಟೆ ಕೂತು ಉಸಿರು ಬಿಗಿಹಿಡಿದು ತಿಂದೆವು ಅನ್ನುವುದು ನೆನೆಸಿಕೊಂಡರೆ ನಗು ಬರುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಕೊಹಾದಾ. ಬೆಳ್ಳಿ ಹೊಳಪಿನ ಚಿಕ್ಕ ಮೀನು. ಉಪ್ಪು ಹಚ್ಚಿ, ವಿನೆಗರ್‌ನಲ್ಲಿ ನೆನೆಸಿ ಕೊಡುತ್ತಾರೆ. ಎಷ್ಟು ಉಪ್ಪು, ಎಷ್ಟು ಹೊತ್ತು ಅನ್ನುವುದು ಮೀನಿನ ಗಾತ್ರ, ಕೊಬ್ಬು, ಹವೆ ನೋಡಿಕೊಂಡು ಬದಲಾಗುತ್ತದೆ. ಮಿಕ್ಕವರೆಲ್ಲ ಕಣ್ಣು ಮುಚ್ಚಿ ತಲೆದೂಗಿದ್ದು ಟ್ಯೂನಾದ ಹೊಟ್ಟೆ ಭಾಗ ಓತೊರೊಗೆ. ಬೆಣ್ಣೆ ಹಾಗೆ ಕರಗುತ್ತದೆ ನಿಜ. ಆದರೆ ಫ್ರಿಜ್ ಇಲ್ಲದ ಆ ಕಾಲದಲ್ಲಿ ಅದನ್ನು ಕೇಳುವವರೇ ಇರಲಿಲ್ಲ, ಬೇಗ ಕೆಡುತ್ತದೆ ಅಂತ. ಕೆಂಪು ಭಾಗವನ್ನು ಸೋಯಾದಲ್ಲಿ ಅದ್ದಿಟ್ಟು ಮಾರುತ್ತಿದ್ದರು. ಅದಕ್ಕೆ ಜುಕೆ ಅನ್ನುತ್ತಾರೆ, ಅದನ್ನೂ ಕೊಟ್ಟರು. ಟ್ಯೂನಾದಲ್ಲಿ ನನ್ನ ಓಟು ಅದಕ್ಕೇ.

ಎಲ್ಲವೂ ಚೆನ್ನಾಗಿತ್ತು ಅನ್ನಲಾರೆ. ಆ ಮೌನ ನನಗೆ ಹಿಡಿಸಲಿಲ್ಲ. ತಪ್ಪು ಮಾಡಿದರೆ ಅನ್ನುವ ಭಯದಲ್ಲಿ ಅರ್ಧ ಊಟ ಮುಗಿಯಿತು, ಅಕ್ಕ ಕೆಮ್ಮೋಕೂ ಹೆದರಿದ್ದಳು. ಗೊತ್ತಿರುವವರು ಕರೆದುಕೊಂಡು ಬಂದರೆ ಮಾತ್ರ ಹೊಸಬರನ್ನು ಸೇರಿಸುವ ಅಂಗಡಿಗಳೂ ಅಲ್ಲಿವೆ. ಊಟಕ್ಕೆ ಶಿಫಾರಸು ಬೇಕು ಅನ್ನುವುದು ನನಗೆ ಗಂಟಲಲ್ಲಿ ಇಳಿಯದ ಮಾತು.

ಆದರೆ ಟಿಪ್ಸ್ ತಗೊಳ್ಳುವುದಿಲ್ಲ. ಬಿಲ್ ಕೊಟ್ಟು ಹೊರಬಂದರೆ ತೈಶೋ ಹಿಂದೆಯೇ ಬಾಗಿಲಿಗೆ ಬಂದು ತಲೆಬಾಗಿಸಿದರು. ರಸ್ತೆ ತಿರುವಿನಲ್ಲಿ ಹಿಂತಿರುಗಿ ನೋಡಿದೆ, ಇನ್ನೂ ನಿಂತಿದ್ದರು. ನಾನೂ ಅಲ್ಲಿಂದಲೇ ಬಗ್ಗಿದೆ, ಸೊಂಟ ಹಿಡಿಯಿತು.

ಮಾರನೇ ದಿನ ತಿರುಗುವ ಬೆಲ್ಟಿನ ಸುಶಿ ಅಂಗಡಿಗೆ ನುಗ್ಗಿದೆವು. 1958ರಲ್ಲಿ ಒಸಾಕಾ ಕಡೆಯ ಒಬ್ಬರು ಬಿಯರ್ ಕಾರ್ಖಾನೆಯ ಬೆಲ್ಟ್ ನೋಡಿ ಶುರು ಮಾಡಿದ್ದಂತೆ. ಮಕ್ಕಳ ಗಲಾಟೆ, ತಟ್ಟೆಗಳ ಸದ್ದು. ಅಕ್ಕ ಮೊದಲ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದಳು. "ಅನ್ನ ತಣ್ಣಗಿದೆ ಕಣೋ." ಎರಡೇ ದಿನಕ್ಕೆ ಅವಳಿಗೆ ಇಷ್ಟು ನಾಲಿಗೆ ಬಂದುಬಿಟ್ಟಿತ್ತು.

ಆಮೇಲೆ ಇಬ್ಬರೂ ಸೇರಿ ಹದಿನಾಲ್ಕು ತಟ್ಟೆ ಖಾಲಿ ಮಾಡಿದೆವು. ಜೋರಾಗಿ ಮಾತಾಡಿಕೊಂಡು.