ಗುಡಿಗೆ ಕಾವಲಿದೆ, ಗುಡಿಯ ಓಣಿಗೆ?

ಗದಗಿಗೆ ಬರುವ ಗೆಳೆಯರು ತ್ರಿಕೂಟೇಶ್ವರ ನೋಡುತ್ತಾರೆ, ವೀರನಾರಾಯಣನಿಗೆ ಕೈಮುಗಿಯುತ್ತಾರೆ, ಲಕ್ಕುಂಡಿಗೆ ಹೊರಟುಬಿಡುತ್ತಾರೆ. ಎರಡು ಗುಡಿಗಳ ನಡುವೆ ಒಂದು ಹಳೇ ಊರಿದೆ. ಅದನ್ನು ನಡೆದೇ ನೋಡಬೇಕು. ಗಾಡಿ ಮೇಲೆ ಹೋದರೆ ಕಾಣುವುದು ಅಂಗಡಿ ಬೋರ್ಡುಗಳು ಮಾತ್ರ.

ತ್ರಿಕೂಟೇಶ್ವರದಿಂದ ಶುರು ಮಾಡಿ. ಒಂದೇ ಪೀಠದ ಮೇಲೆ ಮೂರು ಲಿಂಗ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತಾರೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಹೊಯ್ಸಳರ ವೀರಬಲ್ಲಾಳ ಇದಕ್ಕೆ ದತ್ತಿ ಬಿಟ್ಟ 1192ರ ಶಾಸನವೂ ಇದೆ. ಆದರೆ ನಾನು ಜಾಸ್ತಿ ಹೊತ್ತು ನಿಲ್ಲುವುದು ಅದೇ ಆವರಣದ ಸರಸ್ವತಿ ಗುಡಿಯ ಮುಂದೆ. ಅಲ್ಲಿನ ಮೂರ್ತಿ ಭಗ್ನವಾಗಿದೆ. ನೋಡಬೇಕಾದ್ದು ಕಂಬಗಳನ್ನು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ನಾಜೂಕಿನ ಕೆಲಸ ಸಾಧ್ಯವಾಗಿದೆ. ಕಂಬದ ಮೈಮೇಲೇ ಪುಟ್ಟ ಪುಟ್ಟ ಗುಡಿಗಳು, ಅವಕ್ಕೆ ಮತ್ತೆ ಶಿಖರ. ಬಗ್ಗಿ, ಕೂತು, ಸುತ್ತು ಹಾಕಿ ನೋಡಿ. ಅವಸರ ಮಾಡಬೇಡಿ.

ಆಮೇಲೆ ಓಣಿಗೆ ಇಳಿಯಿರಿ. ನನ್ನ ಮಾತು ಇರುವುದು ಇಲ್ಲಿ.

ಇಲ್ಲಿ ಇನ್ನೂ ಹಳೇ ಮಾಳಿಗೆ ಮನೆಗಳಿವೆ, ಅಂದರೆ ಮಣ್ಣಿನ ಚಪ್ಪಟೆ ಚಾವಣಿಯ ಮನೆಗಳು. ಮುಂದೆ ಕಟ್ಟೆ, ಕೆತ್ತನೆಯ ಚೌಕಟ್ಟಿನ ತಲಬಾಗಿಲು, ಒಳಗೆ ಪಡಸಾಲೆ. ದಪ್ಪ ಮಣ್ಣಿನ ಗೋಡೆಯಲ್ಲಿ ದೀಪದ ಗೂಡು. ಮೇಲೆ ದಪ್ಪ ತೊಲೆ, ಅದಕ್ಕೆ ಅಡ್ಡಲಾಗಿ ಸಣ್ಣ ಜಂತಿ, ಅದರ ಮೇಲೆ ಮಣ್ಣು. ಏಪ್ರಿಲ್ ಬಿಸಿಲಲ್ಲಿ ಅಂಥ ಪಡಸಾಲೆಯಲ್ಲಿ ಕೂತವರಿಗೆ ಅದರ ತಂಪು ಗೊತ್ತು. ಒಂದು ಬಾಗಿಲ ಮುಂದೆ ನಿಂತಿದ್ದೆ. ಕಟ್ಟೆ ಮೇಲಿದ್ದ ಅಜ್ಜಿ ಕೇಳಿದರು, "ಯಾರ ಮನಿ ಹುಡಕಾಕತ್ತೀರಿ?" ನಿಮ್ಮ ಬಾಗಿಲಾನ ನೋಡಾಕತ್ತೀನ್ರಿ ಯವ್ವಾ ಅಂದೆ. "ಹಂಗಾದ್ರ ಒಳಗ ಬರ್ರಿ, ಕಂಬಾನೂ ನೋಡ್ರಿ" ಅಂದರು. ಕಟ್ಟಿಗೆಯ ಕಂಬ. ಕೆಳಗೆ ಚೌಕ, ನಡುವೆ ದುಂಡು, ಮೇಲೆ ಮತ್ತೆ ಚೌಕ, ತಲೆಯ ಮೇಲೆ ತೊಲೆ ಹೊರುವ ಬೋದಿಗೆ. ಗುಡಿಯ ಕಂಬಗಳಲ್ಲೂ ಇದೇ ಕ್ರಮ ಕಂಡಿದ್ದೆ. ಕಲ್ಲಿನ ಗುಡಿಗೂ ಈ ಪಡಸಾಲೆಗೂ ನಂಟಿದೆ ಅಂತ ಆವತ್ತು ಕಣ್ಣಾರೆ ಕಂಡೆ.

"ಮಳಿ ಬಂದ್ರ ಸೋರತೈತಿ. ಮಣ್ಣು ಹಾಕವ್ರು ಯಾರೂ ಸಿಗಂಗಿಲ್ಲ" ಅಂದರು ಅಜ್ಜಿ. ಮಕ್ಕಳು ಕೆಡವಿ ಆರ್‌ಸಿಸಿ ಹಾಕಿಸೋಣ ಅಂತಾರಂತೆ.

ಮಕ್ಕಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ತ್ರಿಕೂಟೇಶ್ವರದಂಥ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಹಳೇ ಮನೆ ರಿಪೇರಿಗೆ ಅವಕಾಶವಿದೆ, ಆದರೆ ಅದಕ್ಕೂ ಅನುಮತಿ ಬೇಕು. ಗುಡಿ ಉಳಿಯಲು ಈ ಕಾನೂನು ಬೇಕೇ ಬೇಕು. ಆದರೆ ಕಟ್ಟಬೇಡಿ ಅಂದವರು ಉಳಿಸಿಕೊಳ್ಳಲು ಕೈಯನ್ನೂ ಹಿಡಿಯಬೇಕಲ್ವಾ? ಅರ್ಜಿ ಬರೆದುಕೊಡಲು ಊರಲ್ಲೇ ಒಬ್ಬರು, ತೊಲೆ-ಜಂತಿ ಕೆಲಸ ಬಲ್ಲ ಬಡಿಗೇರರ ಪಟ್ಟಿ, ಮಾಳಿಗೆ ದುರಸ್ತಿಗೆ ಒಂದಿಷ್ಟು ಸಹಾಯಧನ. ಇಷ್ಟಾದರೂ ಸಿಕ್ಕರೆ ಆ ಅಜ್ಜಿಯ ಮಕ್ಕಳು ಇನ್ನೊಮ್ಮೆ ಯೋಚನೆ ಮಾಡಿಯಾರು.

ಮುಂದೆ ವೀರನಾರಾಯಣನ ಗುಡಿ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಊರು ನಂಬಿರುವ ಕಂಬ ಅಲ್ಲಿದೆ. ಕಾಲಲ್ಲಿ ಕಸುವಿದ್ದರೆ ಬೆಟಗೇರಿಗೂ ಹೋಗಿ. ಅಲ್ಲಿನ ವೀರಗಲ್ಲುಗಳು, ನೇಕಾರರ ಮಗ್ಗಗಳು ಇನ್ನೊಂದು ದಿನದ ಬರಹಕ್ಕೆ ಇರಲಿ.

ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟೇಪು, ನೋಟ್‌ಬುಕ್ ಹಿಡಿದು ಬನ್ನಿ. ಮನೆಯವರನ್ನು ಕೇಳಿಯೇ ಅಳತೆ ತೆಗೆದುಕೊಳ್ಳಿ, ನಕ್ಷೆ ಬರೆಯಿರಿ. ಜಂತಿ ಎಷ್ಟು ಅಂತರಕ್ಕಿದೆ, ಗೋಡೆ ಎಷ್ಟು ದಪ್ಪ, ಬೆಳಕಿಂಡಿ ಎಲ್ಲಿದೆ, ಎಲ್ಲ ಬರೆದಿಟ್ಟುಕೊಳ್ಳಿ. ನಿಮ್ಮ ಜೊತೆ ಓಣಿ ಸುತ್ತಲು ನಾನೂ ಬರುತ್ತೇನೆ. ಬೆಳಿಗ್ಗೆ ಏಳಕ್ಕೆಲ್ಲ ತ್ರಿಕೂಟೇಶ್ವರದ ಬಾಗಿಲಲ್ಲಿರಿ, ಬಿಸಿಲು ಏರುವ ಮೊದಲು ಮುಗಿಸೋಣ.