ಸೋಶಿಯಾಲಜಿನಾ? ಪಾಪ!

ಎಂಎಗೆ ಸೋಶಿಯಾಲಜಿ, ಅಂದರೆ ಸಮಾಜಶಾಸ್ತ್ರ, ತಗೊಂಡಿದ್ದೇನೆ ಅಂದ ತಕ್ಷಣ ಜನರ ಮುಖ ಹೇಗಾಗುತ್ತದೆ ಅಂತ ನನಗೆ ಬಾಯಿಪಾಠವಾಗಿದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದಾಗಲೂ ಇದೇ ಮುಖ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ, 'ಬೇರೆ ಯಾವುದಕ್ಕೂ ಸೀಟು ಸಿಗಲಿಲ್ವಾ?'

ನಮ್ಮ ಮಾವ ದನಿ ತಗ್ಗಿಸುವವರಲ್ಲ. 'ಸಮಾಜ ಕಣ್ಣೆದುರಿಗೇ ಇದೆಯಲ್ಲಪ್ಪಾ, ಅದನ್ನೇನು ಓದೋದು?' ಅಂದರು. ಅಷ್ಟಕ್ಕೇ ಬಿಡಬಹುದಿತ್ತು. ಈಗಿನ ಹುಡುಗರು ಯಾಕೆ ಕೆಟ್ಟರು, ಸಂಸಾರಗಳು ಯಾಕೆ ಮುರಿಯುತ್ತಿವೆ ಅಂತ ಮುಕ್ಕಾಲು ಗಂಟೆ ನನಗೇ ಪಾಠ ಮಾಡಿದರು. ಇಷ್ಟೆಲ್ಲ ಸಿದ್ಧಾಂತಕ್ಕೆ ಸ್ಯಾಂಪಲ್ ಒಂದೇ, ಪಕ್ಕದ ಮನೆಯ ಹುಡುಗ. ಹಲ್ಲು ನಮ್ಮ ಬಾಯಲ್ಲೇ ಇದೆ, ಅದನ್ನೇನು ಓದೋದು ಅಂತ ಡೆಂಟಿಸ್ಟ್ ಹತ್ತಿರ ಯಾರೂ ಕೇಳಿದ್ದನ್ನು ನಾನು ಕಾಣೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ದರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಪುಸ್ತಕ ಬರೆದ. ಆತ್ಮಹತ್ಯೆ ಅಂದರೆ ಒಬ್ಬೊಬ್ಬರ ಖಾಸಗಿ ಸಂಕಟ, ಅಷ್ಟೇ ಅಂತ ಬಹಳ ಜನ ನಂಬಿದ್ದ ಕಾಲ. ಈತ ಸರ್ಕಾರಿ ಅಂಕಿಅಂಶ ಗುಡ್ಡೆ ಹಾಕಿಕೊಂಡು ಕೂತ. ಜನರನ್ನು ಒಬ್ಬರಿಗೊಬ್ಬರು ಕಟ್ಟಿಹಾಕುವ ದಾರ ಎಲ್ಲಿ ಸಡಿಲವೋ ಅಲ್ಲಿ ಅಂಥ ಸಾವು ಹೆಚ್ಚು ಅಂತ ತೋರಿಸಲು ಹೊರಟ. ಅವನ ಲೆಕ್ಕದಲ್ಲಿ ತಪ್ಪಿದೆ ಅಂತ ಆಮೇಲಿನವರು ಜಗಳ ತೆಗೆದಿದ್ದಾರೆ, ಅದೂ ನಿಜ. ಆದರೆ ಪಕ್ಕದ ಮನೆಯ ಹುಡುಗನನ್ನು ಬಿಟ್ಟು ಆಚೆ ನೋಡಿದ, ಅಲ್ವಾ?

ಇನ್ನು ನೌಕರಿಯ ವಿಷಯ. ಇಲ್ಲಿ ಮಾವನ ಪಕ್ಷವೇ ಬಲ. ಈ ಶಾಸ್ತ್ರಕ್ಕೆ ಹೆಸರಿಟ್ಟ ಆಗಸ್ಟ್ ಕಾಮ್ಟ್‌ಗೇ ಇದರಲ್ಲಿ ಕೆಲಸ ಸಿಗಲಿಲ್ಲ. ಹೊಟ್ಟೆಪಾಡಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ. ಕೊನೆಗೆ ಸ್ನೇಹಿತರು, ಅಭಿಮಾನಿಗಳು ಕೊಟ್ಟ ದುಡ್ಡಿನಲ್ಲಿ ದಿನ ದೂಡಿದ. ಅವನು ಮೊದಲು ಇಟ್ಟುಕೊಂಡಿದ್ದ ಹೆಸರು 'ಸೋಶಿಯಲ್ ಫಿಸಿಕ್ಸ್'. ಅದನ್ನು ಬೆಲ್ಜಿಯಂನ ಕೆಟ್ಲೆ ಅನ್ನುವ ಅಂಕಿಅಂಶದ ಪಂಡಿತ ಎತ್ತಿಕೊಂಡ. ಇವನಿಗೆ ಉರಿ ಹತ್ತಿತು. 1839ರಲ್ಲಿ ಅರ್ಧ ಲ್ಯಾಟಿನ್, ಅರ್ಧ ಗ್ರೀಕ್ ಸೇರಿಸಿ 'ಸೋಶಿಯಾಲಜಿ' ಅಂತ ಹೊಸ ಹೆಸರು ಕಟ್ಟಿದ. ಎಂಥಾ ಕೆಲಸ ಮಾಡಿದೆ ಮಾರಾಯ! ಆ ಫಿಸಿಕ್ಸ್ ಒಂದನ್ನು ಗಟ್ಟಿ ಹಿಡಿದಿದ್ದರೆ ಇವತ್ತು ನಮ್ಮ ಮಾವ ನನಗೆ ಕುರ್ಚಿ ಕೊಟ್ಟು ಮಾತಾಡಿಸುತ್ತಿದ್ದರು.

ದೊಡ್ಡವರ ಹೆಸರು ಹೇಳಿಯೂ ನೋಡಿದೆ. 'ಮಾವ, ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಅರ್ಥಶಾಸ್ತ್ರದ ಜೊತೆ ಸೋಶಿಯಾಲಜಿ ಓದಿದವರು. ಅಲ್ಲಿನ ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1948ರಲ್ಲಿ ಡಿಗ್ರಿ ತಗೊಂಡಿದ್ದೂ ಇದರಲ್ಲೇ.'

'ನೋಡಿದ್ಯಾ? ಓದಿದ ಮೇಲೆ ಒಬ್ಬ ಸಿನಿಮಾಕ್ಕೆ ಹೋಗಬೇಕಾಯ್ತು, ಇನ್ನೊಬ್ಬ ಜೈಲಿಗೆ. ನಾನು ಹೇಳಲಿಲ್ವಾ?'

ಅಷ್ಟು ಹೇಳಿ ಟಿವಿ ಹಾಕಿದರು. ಅಲ್ಲಿ ನಾಲ್ಕು ಜನ ವೋಟ್ ಬ್ಯಾಂಕ್, ವೋಟ್ ಬ್ಯಾಂಕ್ ಅಂತ ಕಿರುಚಾಡುತ್ತಿದ್ದರು. ಆ ಮಾತನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್. ನಡುವೆ ಬಂದ ಜಾಹೀರಾತಿನಲ್ಲಿ ಯಾರೋ ಕ್ರಿಕೆಟಿಗ ಯುವಜನರಿಗೆ 'ರೋಲ್ ಮಾಡೆಲ್' ಆಗಿದ್ದ. ಅದು ರಾಬರ್ಟ್ ಮರ್ಟನ್ ಎಂಬ ಸಮಾಜಶಾಸ್ತ್ರಜ್ಞನ ಕೊಡುಗೆ. ಆ ಜಾಹೀರಾತು ಬರುವ ಮೊದಲು ಹತ್ತು ಜನರನ್ನು ಕೂರಿಸಿ ಅಭಿಪ್ರಾಯ ಕೇಳಿರುತ್ತಾರಲ್ಲ, ಆ ಫೋಕಸ್ ಗ್ರೂಪ್‌ನ ಬೇರು ಹುಡುಕಿದರೂ ಅದೇ ಮರ್ಟನ್ ಸಿಗುತ್ತಾನೆ. ನಾನು ಬಾಯಿ ಬಿಡಲಿಲ್ಲ. ಮಾವ ನ್ಯೂಸ್ ನೋಡುವಾಗ ಮಧ್ಯೆ ಮಾತಾಡಬಾರದು.

ನಮ್ಮವರದ್ದೂ ತಪ್ಪಿದೆ, ಸುಳ್ಳು ಯಾಕೆ. 'ಗಂಡ ಹೆಂಡತಿ ಜಗಳ ಆಡುತ್ತಾರೆ' ಅನ್ನೋದನ್ನು ಮೂರು ಅಡಿಟಿಪ್ಪಣಿ ಇಲ್ಲದೆ ಬರೆಯಲು ನಮಗೆ ಬರಲ್ಲ. ಸ್ಟ್ಯಾಟಿಸ್ಟಿಕ್ಸ್ ಪೇಪರ್ ಅಂದರೆ ಜ್ವರ. ಅದನ್ನು ನೆಟ್ಟಗೆ ಕಲಿತವರು ಸಮೀಕ್ಷೆ, ಜನಗಣತಿ, ಆರೋಗ್ಯ ಯೋಜನೆ ಅಂತ ಎಲ್ಲೋ ಒಂದು ಕಡೆ ಸೇರಿಕೊಂಡರು. ಉಳಿದವರಲ್ಲಿ ಕೆಲವರು ಎಚ್‌ಆರ್, ಕೆಲವರು ಪತ್ರಿಕೆ, ಕೆಲವರು ಎನ್‌ಜಿಒ, ಕೆಲವರು ಮೇಷ್ಟ್ರು. ಕೆಲವರು ಇನ್ನೂ ಪಿಎಚ್‌ಡಿ.

ನನ್ನ ಕ್ಲಾಸ್‌ಮೇಟ್ ಒಬ್ಬಳ ಕಥೆ ಬೇರೆ. ಅವಳು ಒಂದು ಆ್ಯಪ್ ಕಂಪನಿಯಲ್ಲಿ 'ಯೂಸರ್ ರಿಸರ್ಚರ್'. ಜನರ ಮನೆಗೆ ಹೋಗುತ್ತಾಳೆ. ಸುಮ್ನೆ ಕೂರುತ್ತಾಳೆ. ಅವರು ಫೋನ್ ಹೇಗೆ ಹಿಡಿಯುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾರನ್ನು ಸಹಾಯಕ್ಕೆ ಕರೆಯುತ್ತಾರೆ ಅಂತ ಬರೆದುಕೊಳ್ಳುತ್ತಾಳೆ. ಯೂನಿವರ್ಸಿಟಿಯಲ್ಲಿ ನಾವು ಇದನ್ನೇ ಫೀಲ್ಡ್‌ವರ್ಕ್ ಅಂತ ಮಾಡುತ್ತಿದ್ದೆವು. ಮನೆಯವರು ತಿರುಗಾಟ ಅನ್ನುತ್ತಿದ್ದರು. ಈಗ ಅದಕ್ಕೆ ಸಂಬಳ ಇದೆ, ಲ್ಯಾಪ್‌ಟಾಪ್ ಇದೆ, ಕುತ್ತಿಗೆಗೆ ಟ್ಯಾಗ್ ಇದೆ.

ಮಾವನಿಗೆ ಈ ಕಥೆ ಹೇಳಿದೆ. ಸಂಬಳ ಎಷ್ಟು ಅಂತಾನೂ ಹೇಳಿದೆ. ಟಿವಿ ಆಫ್ ಆಯಿತು.

'ಒಳ್ಳೆ ಕೆಲಸ ಕಣೋ! ಅದಕ್ಕೆ ಏನು ಓದಬೇಕು? ನಮ್ಮ ಹುಡುಗನ್ನೂ ಸೇರಿಸೋಣ.'

'ಅವಳು ಓದಿದ್ದು ಸೋಶಿಯಾಲಜಿನೇ ಮಾವ.'

'ಅದು ಬಿಡು. ಬೇರೆ ಏನಾದ್ರೂ ಹೆಸರಲ್ಲಿ ಸಿಗುತ್ತಾ ನೋಡು.'

ಸಿಕ್ಕಿತು. ಹುಡುಗ ಈಗ 'ಹ್ಯೂಮನ್ ಬಿಹೇವಿಯರ್ ಅನಾಲಿಟಿಕ್ಸ್' ಓದುತ್ತಿದ್ದಾನೆ. ಫೀಸು ನನ್ನದಕ್ಕಿಂತ ಎಷ್ಟೋ ಜಾಸ್ತಿ. ಮೊನ್ನೆ ನನ್ನ ಹಳೇ ನೋಟ್ಸ್ ಕೇಳಿಕೊಂಡು ಬಂದಿದ್ದ. ದರ್ಖೈಮ್ ಅಂದರೆ ಯಾರು ಅಂತ ನಾಳೆ ಟೆಸ್ಟ್ ಇದೆಯಂತೆ.