ಮೊದಲು ತೆಗೆಯಬೇಕಾದ ಬಾಕ್ಸ್

ಕೊಡಗಿಗೆ ಮನೆ ಬದಲಾಯಿಸುವುದಿದ್ದರೆ ಜೂನ್ ತಿಂಗಳಲ್ಲಿ ಮಾತ್ರ ಬೇಡ. ಈ ಮಾತನ್ನು ನಮಗೆ ಎಲ್ಲರೂ ಹೇಳಿದರು, ನಾಪೋಕ್ಲು ಹತ್ತಿರದ ಮನೆಯಲ್ಲಿ ಸಾಮಾನು ಇಳಿಸಿದ ಮೇಲೆ. ಮೈಸೂರು ಬಿಡುವಾಗ ಒಳ್ಳೆ ಬಿಸಿಲಿತ್ತು. ಮೂರ್ನಾಡು ದಾಟುವಷ್ಟರಲ್ಲಿ ಲಾರಿಯ ಟಾರ್ಪಾಲಿನ ಮೇಲೆ ಸಣ್ಣ ಕೆರೆಯೇ ನಿಂತಿತ್ತು. ತೋಟದ ಒಳದಾರಿಯ ತಿರುವಿನಲ್ಲಿ ಲಾರಿ ಕೆಸರಿಗೆ ಹೂತುಕೊಂಡಿತು. ಆಮೇಲೆ ಪಕ್ಕದ ತೋಟದವರ ಜೀಪು, ಆರು ಟ್ರಿಪ್, ಕಾಲಿಗೆ ಜಿಗಣೆ. ಕೆಲಸದ ಹುಡುಗರು ನೆನೆಯಬಾರದು ಅಂತ ಕೈಗೆ ಸಿಕ್ಕ ಬಾಕ್ಸನ್ನು ಕಣ್ಣಿಗೆ ಕಂಡ ಸೂರಿನ ಕೆಳಗೆ ತುರುಕಿ ಹೋದರು.

ಬಾಡಿಗೆ ಕರಾರಿನಲ್ಲಿ ಕೋಳಿಗಳ ಸುದ್ದಿಯೇ ಇರಲಿಲ್ಲ. ಬೀಗದ ಕೈ ಕೊಡುವಾಗ ಓನರ್ ಮೆಲ್ಲಗೆ, "ಹಿಂದೆ ಏಳು ಹೇಂಟೆ, ಒಂದು ಹುಂಜ ಉಂಟು. ಸ್ವಲ್ಪ ನೋಡ್ಕೊಳ್ಳಿ. ಮೊಟ್ಟೆ ನಿಮಗೇ" ಅಂದರು. ನಮ್ಮನೆಯವರ ಮುಖ ಅರಳಿತು. ಅವತ್ತು ರಾತ್ರಿ ಕರೆಂಟಿಲ್ಲದ ಮನೆಯಲ್ಲಿ, ಮೊಂಬತ್ತಿ ಬೆಳಕಿನಲ್ಲಿ ಕೂತು ಲೆಕ್ಕ ಹಾಕಿದರು. ದಿನಕ್ಕೆ 7 ಮೊಟ್ಟೆ, ತಿಂಗಳಿಗೆ 210.

ನಾಟಿ ಕೋಳಿ ಇಂಥ ಲೆಕ್ಕಕ್ಕೆಲ್ಲ ಸಿಗುವುದಿಲ್ಲ. ಹತ್ತು-ಹದಿನೈದು ಮೊಟ್ಟೆ ಇಡುತ್ತದೆ, ಕಾವಿಗೆ ಕೂರುತ್ತದೆ, ಮರಿ ಮಾಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಮೊಟ್ಟೆಯ ಮಾತೇ ಎತ್ತುವುದಿಲ್ಲ. ಇದು ನಮಗೆ ಆಮೇಲೆ ಗೊತ್ತಾಗಿದ್ದು.

ಮೊದಲ ಎರಡು ವಾರದಲ್ಲಿ ನಮಗೆ ಎರಡು ಚಿಂತೆ. ಒಂದು, ಕರಿ ಹೇಂಟೆ ದಿನಾ ಕೊಕ್ಕೊಕ್ಕೋ ಅಂತ ಊರಿಗೆಲ್ಲ ಸಾರುತ್ತಿತ್ತು, ಆದರೆ ಗೂಡಿನಲ್ಲಿ ಅದರ ಮೊಟ್ಟೆ ಇರುತ್ತಿರಲಿಲ್ಲ. ಎರಡು, ನಮ್ಮದೊಂದು ಬಾಕ್ಸ್ ಕಾಣೆ. ಎಂಥ ಬಾಕ್ಸ್ ಅಂತೀರಿ? ಇವರೇ ಕೈಯಾರೆ ದಪ್ಪ ಮಾರ್ಕರಿನಲ್ಲಿ 'ತುಂಬಾ ಮುಖ್ಯ, ಮೊದಲು ತೆಗೆಯಬೇಕು' ಅಂತ ಬರೆದಿದ್ದ ಬಾಕ್ಸ್. ಮೈಸೂರಿನಲ್ಲಿ ಸಿಲಿಂಡರ್ ವಾಪಸ್ ಕೊಟ್ಟಾಗ ಸಿಕ್ಕ ಟ್ರಾನ್ಸ್‌ಫರ್ ವೋಚರ್ ಅದರಲ್ಲಿತ್ತು. ಅದಿಲ್ಲದೆ ಇಲ್ಲಿ ಗ್ಯಾಸ್ ಇಲ್ಲ. ಇಂಡಕ್ಷನ್ ಒಲೆ ಇತ್ತು ನಿಜ, ಕರೆಂಟ್ ಇರಬೇಕಲ್ವಾ?

ಮೊಟ್ಟೆ ಕದಿಯುವುದು ಮುಂಗುಸಿ ಅಂತ ಇವರು ತೀರ್ಮಾನಿಸಿದರು. ಟಾರ್ಚ್, ಕೊಡೆ, ರೇನ್‌ಕೋಟ್ ಸಮೇತ ಎರಡು ದಿನ ಹಿತ್ತಿಲಲ್ಲಿ ಕಾದರು. ಮುಂಗುಸಿ ಬರಲಿಲ್ಲ, ಶೀತ ಬಂತು.

ಕಷಾಯಕ್ಕೆ ಒಲೆ ಹಚ್ಚೋಣ ಅಂತ ಸೌದೆ ಕೊಟ್ಟಿಗೆಗೆ ಹೋದವಳು ನಾನು. ಸೌದೆ ರಾಶಿಯ ಹಿಂದಿನಿಂದ ಯಾರೋ ಗುರ್ ಅಂದ ಹಾಗಾಯಿತು. ಬಗ್ಗಿ ನೋಡಿದರೆ 'ತುಂಬಾ ಮುಖ್ಯ' ಬಾಕ್ಸ್. ಮಿಕ್ಸಿ ಜಾರ್ ಒಡೆಯಬಾರದು ಅಂತ ತುರುಕಿದ್ದ ಪೇಪರನ್ನೆಲ್ಲ ಚಿಂದಿ ಮಾಡಿ ಹಾಸಿಕೊಂಡು, ರೆಕ್ಕೆ ಉಬ್ಬಿಸಿ, ಮಾಮೂಲಿಗಿಂತ ಎರಡರಷ್ಟಾಗಿ ಕೂತಿತ್ತು ಕರಿ ಹೇಂಟೆ. ಹೊಟ್ಟೆಯ ಕೆಳಗೆ ಹದಿಮೂರು ಮೊಟ್ಟೆ. ಅದರ ಕೆಳಗೆ ನಮ್ಮ ಗ್ಯಾಸು.

ಇವರು ಕೈಗೆ ಗ್ಲೌಸ್, ತಲೆಗೆ ಹೆಲ್ಮೆಟ್ ಹಾಕಿಕೊಂಡು ಹೊರಟರು. ಹೆಲ್ಮೆಟ್ ಯಾಕೆ ಅಂತ ಕೇಳಬೇಡಿ, ಕೋಳಿ ಕುಕ್ಕಿದ್ದು ಮೊಣಕೈಗೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದರು. ಇಲ್ಲಿ ಎಲ್ಲರೂ ಅವರನ್ನು ತಾಯಿ ಅನ್ನುತ್ತಾರೆ, ಕೊಡವರಲ್ಲಿ ತಾಯಿ ಅಂದರೆ ಅಜ್ಜಿ.

"ಕಾವಿಗೆ ಕೂತದ್ದನ್ನು ಎಬ್ಬಿಸ್ಲಿಕ್ಕೆ ಹೋಗ್ಬೇಡಿ" ಅಂದರು ತಾಯಿ. "ಇನ್ನು 21 ದಿನ."

"ತಾಯಿ, ಒಳಗೆ ಗ್ಯಾಸಿನ ಕಾಗದ ಇದೆ."

"ಗ್ಯಾಸ್ ಇಲ್ಲದೆ ಯಾರೂ ಸತ್ತಿಲ್ಲ. ಮೊಟ್ಟೆ ಅಲುಗಾಡಿಸಿದ್ರೆ ಒಳಗಿನ ಮರಿ ಸಾಯ್ತದೆ."

ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲನ್ನು ಬಾಕ್ಸಿನ ಮೂಲೆಗೆ ಇಟ್ಟರು. ಹೋಗುವಾಗ ಹುಂಜದ ಕಡೆ, ಅಕ್ಕಸಾಲಿಗ ಬಳೆ ನೋಡುವ ಹಾಗೆ ಒಮ್ಮೆ ನೋಡಿ, "ಕಕ್ಕಡ ಬರ್ತಾ ಉಂಟು" ಅಂದರು. ಕಕ್ಕಡ ಅಂದರೆ ಆಟಿ ತಿಂಗಳು. ಮಳೆ, ಚಳಿ, ನಾಟಿ ಕೋಳಿ ಸಾರು. ಅವತ್ತಿನಿಂದ ಹುಂಜ ಬೆಳಗಿನ ಜಾವ ಮೂರೂವರೆಗೆ ಕೂಗಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು.

21 ದಿನ ಸೌದೆ ಒಲೆ. ಸೌದೆಯೋ ಹಸಿ. ಅನ್ನಕ್ಕೆ ಹೊಗೆ, ಸಾರಿಗೆ ಹೊಗೆ, ಕಾಫಿಗೂ ಹೊಗೆ. ಕಾಫಿ ತೋಟದ ನಡುವೆ ಕೂತು ಹೊಗೆ ಕಾಫಿ ಕುಡಿಯುವ ಯೋಗ ಯಾರಿಗುಂಟು! ಕರಿ ಹೇಂಟೆ ದಿನಕ್ಕೊಮ್ಮೆ ಎದ್ದು ಬಂದು, ನುಚ್ಚು ತಿಂದು, ನೀರು ಕುಡಿದು, ಗಡಿಬಿಡಿಯಲ್ಲಿ ವಾಪಸ್ ಹೋಗುತ್ತಿತ್ತು. ಆ ಹತ್ತು ನಿಮಿಷದಲ್ಲಿ ವೋಚರ್ ಎಳೆದುಬಿಡಬಹುದಿತ್ತು. ಇವರು ಹೊರಟರು ಕೂಡ. ಮೊಟ್ಟೆ ಮುಟ್ಟಿ ನೋಡಿ, "ಬೆಚ್ಚಗಿದೆ ಕಣೇ" ಅಂತ ಹಾಗೇ ವಾಪಸ್ ಬಂದರು.

ಹನ್ನೊಂದು ಮರಿ ಆಯಿತು. ಎರಡು ಮೊಟ್ಟೆ ಗೊಡ್ಡು. ಪಕ್ಕದ ಮನೆಯ ತಾಯಿ ಬಂದು ಮರಿಗಳನ್ನು ಮಂಕರಿಗೆ ಹಾಕಿದ ಮೇಲೆ ನಾವು ಬಾಕ್ಸಿಗೆ ಕೈ ಹಾಕಿದೆವು. ವೋಚರ್ ಇತ್ತು. ಬಣ್ಣ ಬದಲಾಗಿತ್ತು. ಒಲೆ ಮೇಲೆ ಎರಡು ದಿನ ಒಣಗಿಸಿದರೂ ವಾಸನೆ ಹೋಗಲಿಲ್ಲ, ಹೊಗೆಯ ವಾಸನೆಯೂ ಸೇರಿಕೊಂಡಿತು.

ಗ್ಯಾಸ್ ಆಫೀಸಿನವರು ಅದನ್ನು ಎರಡೇ ಬೆರಳಲ್ಲಿ ಹಿಡಿದರು. ಜೊತೆಗಿದ್ದ ಫೋಟೋ ನೋಡಿದರು, ಇವರನ್ನು ನೋಡಿದರು.

"ಇದು ನೀವೇನಾ ಸಾರ್? ಒಂದು ಕಣ್ಣಿಲ್ಲ."

"ಕೋಳಿ ಕುಕ್ಕಿದ್ದು."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ವೋಚರನ್ನು ಮೂಸಿ, "ನಾಟಿನಾ?" ಅಂದರು. ಎಷ್ಟು ಮರಿ ಅಂತ ಕೇಳಿದರು. ಟಪ್ಪಂತ ಸೀಲ್ ಒತ್ತಿ, "ದೊಡ್ಡದಾದ ಮೇಲೆ ಎರಡು ಹೇಂಟೆ ಮಾರ್ತೀರಾ?" ಅಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಇವರು ರಶೀದಿಯ ಹಿಂದೆ ಬರೆಯುತ್ತಿದ್ದರು. ಹನ್ನೊಂದರಲ್ಲಿ ಆರು ಹೇಂಟೆ ಅಂತ ಇಟ್ಟುಕೊಂಡರೆ, ಎರಡು ಮಾರಿದರೆ ನಾಲ್ಕು, ಹಳೆಯ ಏಳು ಸೇರಿ ಹನ್ನೊಂದು, ತಿಂಗಳಿಗೆ 330...